ಎಕ್ಸಿಟ್ ಹೊಡೆದು ಬಂದವರಿಗೆ ಊರಲ್ಲಿ ಕೆಲಸ ಉಂಟು, ಕೈಯಲ್ಲಿ ಕಾಗದ ಇಲ್ಲ

ಗಲ್ಫ್‌ನಿಂದ ಬಂದವನನ್ನು ಜುಮಾ ಮುಗಿದು ಮಸೀದಿ ಮೆಟ್ಟಿಲಲ್ಲಿ ಕಂಡರೆ ಊರವರು ಕೇಳುವುದು ಎರಡೇ ಪ್ರಶ್ನೆ. ‘ಯಾವಾಗ ಬಂದದ್ದು?’ ‘ಇನ್ನು ಯಾವಾಗ ಹೋಗುವುದು?’ ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಮೊದಲ ತಿಂಗಳು ‘ರಜೆ ಉಂಟು’ ಎಂದು ಹೇಳಬಹುದು, ಎರಡನೇ ತಿಂಗಳು ‘ವೀಸಾ ನೋಡ್ತಾ ಇದ್ದೇನೆ’ ಅನ್ನಬಹುದು. ಮೂರನೇ ತಿಂಗಳಿಂದ ಕೆಲವರು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಮಂಜೇಶ್ವರ, ಉಪ್ಪಳ, ಕುಂಬಳೆ ಭಾಗದಲ್ಲಿ ಈಗ ಈ ಮೂರನೇ ತಿಂಗಳಿನವರ ಸಂಖ್ಯೆ ಕಣ್ಣಿಗೆ ಕಾಣುವಷ್ಟಾಗಿದೆ. ಮದುವೆ ಮನೆಯಲ್ಲಿ ಮಾತಾಡುವ ವಿಷಯವೂ ಅದೇ.

ಇದು ಒಂದು ದಿನದಲ್ಲಿ ಆದ ಬದಲಾವಣೆ ಅಲ್ಲ. ಸೌದಿಯಲ್ಲಿ ನಿತಾಖತ್ ಶುರುವಾದದ್ದು 2011ರಲ್ಲಿ. ಆಗ ‘ನಮಗೇನೂ ಆಗುವುದಿಲ್ಲ’ ಎಂದವರೇ ಹೆಚ್ಚು. 2016ರಲ್ಲಿ ಮೊಬೈಲ್ ಮಾರಾಟ ಮತ್ತು ರಿಪೇರಿ ಅಂಗಡಿಗಳಲ್ಲಿ ಪೂರ್ತಿ ಸೌದಿಗಳೇ ಇರಬೇಕೆಂಬ ಆದೇಶ ಬಂತು. ನಮ್ಮ ಕಡೆಯ ಎಷ್ಟೋ ಹುಡುಗರ ಕೈಯಿಂದ ಸ್ಕ್ರೂಡ್ರೈವರ್ ಜಾರಿದ್ದು ಆ ವರ್ಷ. 2017ರ ಜುಲೈಯಿಂದ ಜೊತೆಗಿರುವ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಲೆವಿ ಬಂತು, ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮಕ್ಕಳು ಊರಿಗೆ ಬಂದರು, ಗಂಡ ಬ್ಯಾಚುಲರ್ ರೂಮಿಗೆ ಹೋದ. 2018ರ ಸೆಪ್ಟೆಂಬರ್‌ನಿಂದ ಬಟ್ಟೆ, ಪೀಠೋಪಕರಣ, ಪಾತ್ರೆ, ಆಮೇಲೆ ಇಲೆಕ್ಟ್ರಾನಿಕ್ಸ್, ವಾಚು, ಆಟೋ ಬಿಡಿಭಾಗ, ಕಟ್ಟಡ ಸಾಮಗ್ರಿ ಹೀಗೆ 12 ಬಗೆಯ ಚಿಲ್ಲರೆ ವ್ಯಾಪಾರಗಳಲ್ಲಿ ಸೌದೀಕರಣ ಬಂತು. ಕೊರೋನಾ ಮಧ್ಯೆ 2020ರ ಜುಲೈಯಲ್ಲಿ ವ್ಯಾಟ್ ಶೇ. 5ರಿಂದ ಶೇ. 15ಕ್ಕೆ ಏರಿತು. ಲೆಕ್ಕ ಬರೆಯುವ ಕೆಲಸವಾದರೂ ಉಳಿಯಬಹುದು ಅಂದುಕೊಂಡ ಬಿ.ಕಾಂ. ಹುಡುಗರಿಗೆ 2025ರಲ್ಲಿ ಅಕೌಂಟಿಂಗ್ ಹುದ್ದೆಗಳ ಸೌದೀಕರಣದ ಸುದ್ದಿ ಬಂತು. ಯುಎಇಯಲ್ಲಿ ದಾರಿ ಬೇರೆ, ದಿಕ್ಕು ಅದೇ: 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪೆನಿಗಳು ಕೌಶಲದ ಹುದ್ದೆಗಳಲ್ಲಿ ವರ್ಷಕ್ಕೆ ಶೇ. 2ರಂತೆ ಸ್ವದೇಶಿಗಳನ್ನು ಸೇರಿಸಬೇಕು.

ಹಾಗಂತ ಗಲ್ಫ್ ಮುಚ್ಚಿತು ಎಂದು ಬರೆಯುವುದು ಸುಳ್ಳಾಗುತ್ತದೆ. ಮುಚ್ಚಿದ್ದು ಒಂದು ಬಾಗಿಲು ಮಾತ್ರ. ಕೈಯಲ್ಲಿ ಏನೂ ಕಾಗದ ಇಲ್ಲದೆ, ಮಾವನ ಅಂಗಡಿಗೋ ಭಾವನ ಬಕಾಲಾಕ್ಕೋ ಹೋಗಿ, ಕೆಲಸ ಅಲ್ಲಿಯೇ ಕಲಿತು ದೊಡ್ಡವನಾಗುವ ಬಾಗಿಲು ಅದು. ಎರಡು ತಲೆಮಾರು ಬ್ಯಾರಿಗಳು ಹೋದದ್ದು ಆ ಬಾಗಿಲಿನಲ್ಲೇ. ಈಗ ಸೌದಿಗೆ ಹೋಗುವ ಪ್ಲಂಬರ್, ಇಲೆಕ್ಟ್ರೀಶಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್, ಆಟೋ ಇಲೆಕ್ಟ್ರೀಶಿಯನ್‌ಗಳಿಗೆ ಊರಲ್ಲೇ ಪರೀಕ್ಷೆ. ಭಾರತದಲ್ಲಿ ಈ ಕೌಶಲ ಪರೀಕ್ಷೆ ಶುರುವಾದದ್ದೇ ಈ ಐದು ಕೆಲಸಗಳಿಂದ, ಆಮೇಲೆ ಪಟ್ಟಿ ಉದ್ದವಾಗುತ್ತಾ ಬಂತು. 2025ರ ಜನವರಿಯಿಂದ ಕೆಲಸದ ವೀಸಾಕ್ಕೆ ವಿದ್ಯೆ ಮತ್ತು ಅನುಭವದ ದಾಖಲೆ ಪರಿಶೀಲನೆ ಇನ್ನಷ್ಟು ಬಿಗಿಯಾಯಿತು. ಅಂದರೆ ಅಲ್ಲಿಗೆ ಮತ್ತೆ ಹೋಗುವವನಿಗೂ ಕಾಗದ ಬೇಕು, ಇಲ್ಲಿ ಉಳಿಯುವವನಿಗೂ ಕಾಗದ ಬೇಕು. ಈ ಸಂಗತಿ ನಮ್ಮಲ್ಲಿ ಇನ್ನೂ ಸರಿಯಾಗಿ ಇಳಿದಿಲ್ಲ.

38ರ ಹರೆಯದ ಒಬ್ಬನನ್ನು ತೆಗೆದುಕೊಳ್ಳಿ. ತಲಪಾಡಿಯಿಂದ ಕುಂಬಳೆವರೆಗೆ ಇಂಥವರು ಬೇಕಾದಷ್ಟು ಸಿಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಅರ್ಧಕ್ಕೆ ಬಿಟ್ಟದ್ದು, 14 ವರ್ಷ ದಮಾಮ್‌ನ ಒಂದು ಸೂಪರ್ ಮಾರ್ಕೆಟ್. ಮೊದಲ ಮೂರು ವರ್ಷ ಟ್ರಾಲಿ ತಳ್ಳಿದ, ಆಮೇಲೆ ರ‍್ಯಾಕ್, ಆಮೇಲೆ ಸ್ಟಾಕು, ಕೊನೆಯ ಐದು ವರ್ಷ ಇಡೀ ಅಂಗಡಿಯ ಆರ್ಡರ್ ಅವನೇ ಹಾಕುತ್ತಿದ್ದ. ಯಾವ ಮಾಲು ರಮಝಾನ್‌ಗೆ ಎಷ್ಟು ಬೇಕು, ಯಾವುದರ ಡೇಟ್ ಯಾವಾಗ ಮುಗಿಯುತ್ತದೆ, ಯಾವ ಸೇಲ್ಸ್‌ಮ್ಯಾನ್ ಹತ್ತಿರ ಎಷ್ಟು ಡಿಸ್ಕೌಂಟ್ ಎಳೆಯಬಹುದು, ಎಲ್ಲ ಬಾಯಿಪಾಠ. ಅರಬಿ, ಉರ್ದು, ಮಲಯಾಳ, ಬಂಗಾಳಿ ಭಾಷೆಗಳಲ್ಲಿ ವ್ಯಾಪಾರ ಮಾಡಿದ ಬಾಯಿ. ಇಕಾಮಾದಲ್ಲಿ ಮಾತ್ರ ‘ಲೋಡಿಂಗ್ ಕಾರ್ಮಿಕ’ ಎಂದಿತ್ತು. ಎಕ್ಸಿಟ್ ಹೊಡೆದು ಬರುವಾಗ ಅನುಭವ ಪತ್ರ ಕೇಳಲಿಲ್ಲ, ‘ಅದು ಯಾಕೆ ಇನ್ನು’ ಅಂದುಕೊಂಡ. ಊರಿಗೆ ಬಂದು ಮಂಗಳೂರಿನ ಮಾಲ್‌ಗೆ ಕೆಲಸಕ್ಕೆ ಕೇಳಿದರೆ ಬಯೋಡೇಟಾದಲ್ಲಿ ಬರೆಯಲಿಕ್ಕೆ 14 ವರ್ಷಕ್ಕೆ ಒಂದೇ ಗೆರೆ. ಅದಕ್ಕೂ ಸಾಕ್ಷಿ ಇಲ್ಲ.

ಇಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕೈಯಲ್ಲಿರುವ ದುಡ್ಡು ಹಾಕಿ ಅಂಗಡಿ ತೆರೆಯುವುದು. ಗೊತ್ತಿರುವ ಕೆಲಸ ಅದೇ ಅಲ್ಲವೇ, ಯಾರ ಕೈಕೆಳಗೂ ದುಡಿಯಬೇಕಾಗಿಲ್ಲ, ‘ಏನು ಮಾಡ್ತಾ ಇದ್ದಿ’ ಎಂದು ಕೇಳಿದವರಿಗೆ ಬೋರ್ಡು ತೋರಿಸಬಹುದು. ಆದರೆ ಗಲ್ಫ್‌ನಲ್ಲಿ ಅವನು ಕಲಿತದ್ದು ಮಾಲು ಓಡಿಸುವುದನ್ನು. ಬಂಡವಾಳ ಕಫೀಲನದ್ದು ಅಥವಾ ಕಂಪೆನಿಯದ್ದು. ನಷ್ಟವೂ ಅವರದ್ದೇ. ಅಂಗಡಿ ನಡೆಸುವ ಜಾಣತನ ಮತ್ತು ಅಂಗಡಿ ಇಡುವ ಲೆಕ್ಕ ಎರಡೂ ಬೇರೆ ಬೇರೆ ವಿದ್ಯೆ.

ಲೆಕ್ಕ ಒಮ್ಮೆ ಹಾಕಿ ನೋಡುವ. ಪೇಟೆಯಲ್ಲಿ ಸಾಧಾರಣ ದಿನಸಿ ಅಂಗಡಿ ಎಂದಿಟ್ಟುಕೊಳ್ಳಿ. ಬಾಡಿಗೆ 15,000, ಫ್ರಿಜ್ ಫ್ರೀಝರ್ ಎಲ್ಲ ಸೇರಿ ಕರೆಂಟು 4,000, ಒಬ್ಬ ಹುಡುಗನ ಸಂಬಳ 18,000. ಅಲ್ಲಿಗೆ 37,000. ಮನೆ ಖರ್ಚಿಗೆ 25,000 ತೆಗೆದರೆ ತಿಂಗಳಿಗೆ 62,000 ರೂ. ಅಂಗಡಿಯಿಂದ ಬರಲೇಬೇಕು. ದಿನಸಿಯಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ, ಸಾಬೂನು ಎಲ್ಲ ಒಟ್ಟುಹಾಕಿ ಶೇ. 10 ಉಳಿದರೆ ಒಳ್ಳೆಯದೇ. ಹಾಗಾದರೆ ತಿಂಗಳಿಗೆ 6 ಲಕ್ಷದ 20 ಸಾವಿರದ ವ್ಯಾಪಾರ, ದಿನಕ್ಕೆ 20 ಸಾವಿರಕ್ಕಿಂತ ಮೇಲೆ. ಶುಕ್ರವಾರ ಅರ್ಧ ದಿನ, ಹರತಾಳ, ಮಳೆಗಾಲ ಎಲ್ಲ ಸೇರಿಸಿಯೇ ಈ ಸರಾಸರಿ ಬರಬೇಕು. ಇನ್ನೂ ಕಡ ಕೊಟ್ಟದ್ದು, ಡೇಟ್ ಮುಗಿದದ್ದು, ಇಲಿ ತಿಂದದ್ದು ಹಿಡಿದಿಲ್ಲ. ಹಾಕಿದ ಬಂಡವಾಳಕ್ಕೆ ಒಂದು ರೂಪಾಯಿ ಲಾಭವೂ ಹಿಡಿದಿಲ್ಲ.

ಇದಕ್ಕೆ ಇನ್ನೊಂದು ಬಾಲ ಉಂಟು. ಆ ವ್ಯಾಪಾರ ವರ್ಷಕ್ಕೆ 74 ಲಕ್ಷ ದಾಟುತ್ತದೆ. ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ಮಿತಿ 40 ಲಕ್ಷ. ಅಂದರೆ ಒಂದು ಕುಟುಂಬವನ್ನು ಸಾಕುವ ದಿನಸಿ ಅಂಗಡಿ ಜಿಎಸ್‌ಟಿ ಒಳಗೆ ಬಂದೇ ಬರುತ್ತದೆ. ಕಾಂಪೋಸಿಶನ್‌ಗೆ ಹೋದರೆ ಶೇ. 1 ತೆರಿಗೆ. ಅದನ್ನು ಗಿರಾಕಿಯ ಹತ್ತಿರ ವಸೂಲು ಮಾಡುವ ಹಾಗಿಲ್ಲ, ಅಂಗಡಿಯವನ ಆ ಹತ್ತು ಪೈಸೆಯಿಂದಲೇ ಕೊಡಬೇಕು. ‘ನೋಂದಣಿ ಇಲ್ಲದೆ ಸುಮ್ಮನೆ ನಡೆಸುವ’ ಎನ್ನುವ ಕಾಲ ಹೋಯಿತು. 2025ರ ಜುಲೈಯಲ್ಲಿ ತಲಪಾಡಿ ಆಚೆ ಕರ್ನಾಟಕದಲ್ಲಿ ಯುಪಿಐ ಲೆಕ್ಕ ತೆಗೆದು ಬೇಕರಿ, ಚಾ ಅಂಗಡಿಯವರಿಗೂ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿರಬಹುದು. ಗಡಿಯಲ್ಲಿ ಅಂಗಡಿ ಇಡುವವರಿಗೆ ಇನ್ನೂ ಒಂದು ತೊಡಕು: ತೆರಿಗೆ ಇರುವ ಮಾಲನ್ನು ಹೊರರಾಜ್ಯಕ್ಕೆ ಕಳಿಸಿ ಮಾರಬೇಕಾದರೆ ವ್ಯಾಪಾರ ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯ. ಕಾಂಪೋಸಿಶನ್‌ನಲ್ಲಿರುವವರು ಕಳಿಸುವಂತೆಯೇ ಇಲ್ಲ. ಮಂಜೇಶ್ವರದಿಂದ ಕೋಟೆಕಾರಿಗೆ ಬೈಕಿನಲ್ಲಿ ಸಾಮಾನು ಮುಟ್ಟಿಸುವುದು ಊರವರ ಲೆಕ್ಕದಲ್ಲಿ ಪಕ್ಕದ ಮನೆಗೆ ಕೊಟ್ಟ ಹಾಗೆ. ಕಾನೂನಿನಲ್ಲಿ ಅದು ಅಂತರರಾಜ್ಯ ವ್ಯಾಪಾರ.

ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಪೇಟೆಗಳ ನಕ್ಷೆಯೂ ಬದಲಾಗಿದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ.ಯಲ್ಲಿ ಮೊದಲು ಬಸ್ಸಿಗೆ ನಿಂತವನು ರಸ್ತೆ ದಾಟಿ ಬಂದು ಒಂದು ಸೋಡಾ ಕುಡಿಯುತ್ತಿದ್ದ. ಈಗ ಆಚೆ ಬದಿಯವನು ಆಚೆಯೇ, ಈಚೆ ಬದಿಯವನು ಈಚೆಯೇ. ಹಳೆಯ ಪೇಟೆಯ ಲೆಕ್ಕದಲ್ಲಿ ಅಡ್ವಾನ್ಸ್ ಕೊಟ್ಟು ರೂಮ್ ಹಿಡಿದವರು ಪೆಟ್ಟು ತಿಂದಿದ್ದಾರೆ.

ಅಂಗಡಿ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. ಬಂದ ಮೊದಲ ವರ್ಷ ಬೇಡ ಎಂಬುದು ಸರಿಯಾದ ಮಾತು. ಆ ವರ್ಷ ಇನ್ನೊಬ್ಬರ ಅಂಗಡಿಯಲ್ಲಿ, ಗೋಡಾನಿನಲ್ಲಿ, ಡಿಸ್ಟ್ರಿಬ್ಯೂಟರ್ ಹತ್ತಿರ ಸಂಬಳಕ್ಕೆ ನಿಂತರೆ ಊರಿನ ಮಾರುಕಟ್ಟೆ ಅರ್ಥವಾಗುತ್ತದೆ, ಕೈಯ ದುಡ್ಡು ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಅಡ್ಡ ಬರುವುದು ಮರ್ಯಾದೆ. ಅಲ್ಲಿ ಹತ್ತು ವರ್ಷ ಬೇರೆಯವರ ಅಂಗಡಿಯ ನೆಲ ಒರೆಸಿದವನಿಗೆ ಊರಲ್ಲಿ 20,000 ಸಂಬಳಕ್ಕೆ ನಿಲ್ಲುವುದು ನಾಚಿಕೆ, ಯಾಕೆಂದರೆ ಅಲ್ಲಿ ನೋಡುವವರು ಇರಲಿಲ್ಲ, ಇಲ್ಲಿ ಬೀಗರು ನೋಡುತ್ತಾರೆ. ತಾಯಂದಿರೂ ಇದಕ್ಕೆ ತುಪ್ಪ ಸುರಿಯುತ್ತಾರೆ: ‘ನನ್ನ ಮಗ ದುಬಾಯಿಯಲ್ಲಿ ಮ್ಯಾನೇಜರ್ ಆಗಿದ್ದವ.’ ಈ ಒಂದು ಮಾತಿಗೆ ಎಷ್ಟು ಲಕ್ಷ ಮುಳುಗಿದೆಯೋ!

ಸಂಬಳಕ್ಕೆ ಇಟ್ಟುಕೊಳ್ಳುವವನಿಗೆ ಸರಕಾರ ಸಹಾಯ ಕೊಡುವ ವ್ಯವಸ್ಥೆ ಕೇರಳದಲ್ಲಿ ಉಂಟು. ನೋರ್ಕಾದ ‘ನೇಮ್’ ಯೋಜನೆಯಲ್ಲಿ ಮರಳಿ ಬಂದ ಪ್ರವಾಸಿಗೆ ಕೆಲಸ ಕೊಟ್ಟ ಸಂಸ್ಥೆಗೆ ವರ್ಷಕ್ಕೆ 100 ದಿನದ ಮಟ್ಟಿಗೆ ಕೂಲಿಯ ಒಂದು ಪಾಲನ್ನು, ದಿನಕ್ಕೆ ಹೆಚ್ಚೆಂದರೆ 400 ರೂ., ನೋರ್ಕಾವೇ ಭರಿಸುತ್ತದೆ. ಉಪ್ಪಳದ ಸೂಪರ್ ಮಾರ್ಕೆಟ್ ಮಾಲಕನೊಬ್ಬನ ಹತ್ತಿರ ಕೆಲಸ ಕೇಳುವವನು ಈ ಮಾಹಿತಿ ಕಿಸೆಯಲ್ಲಿಟ್ಟುಕೊಂಡು ಹೋದರೆ ಮಾತಿನ ತೂಕ ಬೇರೆ. ಸ್ವಂತ ಉದ್ಯಮಕ್ಕಾದರೆ ಎನ್‌ಡಿಪ್ರೆಮ್: ಕನಿಷ್ಠ 2 ವರ್ಷ ಹೊರದೇಶದಲ್ಲಿ ದುಡಿದು ಮರಳಿದವರಿಗೆ 30 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ, ಶೇ. 15 ಬಂಡವಾಳ ಸಬ್ಸಿಡಿ (3 ಲಕ್ಷ ಮೀರದಂತೆ), ಮೊದಲ 4 ವರ್ಷ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಕೇಂದ್ರದ ಪಿಎಂಇಜಿಪಿಯಲ್ಲಿ ಅಲ್ಪಸಂಖ್ಯಾತರು ವಿಶೇಷ ವರ್ಗಕ್ಕೆ ಸೇರುತ್ತಾರೆ, ಹಳ್ಳಿ ಪ್ರದೇಶದಲ್ಲಿ ಶೇ. 35ರವರೆಗೆ ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು ಶೇ. 5. ಇದರಲ್ಲಿ 5 ಲಕ್ಷಕ್ಕಿಂತ ದೊಡ್ಡ ಸೇವಾ ಘಟಕ, 10 ಲಕ್ಷಕ್ಕಿಂತ ದೊಡ್ಡ ತಯಾರಿಕಾ ಘಟಕಕ್ಕೆ ಎಂಟನೇ ತರಗತಿ ಪಾಸಾಗಿರಬೇಕು. ಇಲ್ಲಿಯೂ ಕಾಗದ.

ಈ ಎರಡೂ ಬಡ್ಡಿ ಸಾಲದ ಯೋಜನೆಗಳು. ಆ ಕಾರಣಕ್ಕೇ ನಮ್ಮಲ್ಲಿ ಬಹಳ ಮಂದಿ ಅರ್ಜಿಯೇ ಹಾಕುವುದಿಲ್ಲ, ಅದು ಅವರವರ ನಿರ್ಧಾರ. ಬಡ್ಡಿ ಬೇಡ ಎಂದವರು ಹೋಗುವುದು ಪಾಲು ವ್ಯಾಪಾರಕ್ಕೆ. ಪಾಲು ತಪ್ಪಲ್ಲ, ಬಾಯಿಮಾತಿನ ಪಾಲು ತಪ್ಪು. ಮೂವರು ದೋಸ್ತಿಗಳು ರೂಮಿನಲ್ಲಿ ಕುಳಿತು ತಲಾ 8 ಲಕ್ಷ ಹಾಕಿ ‘ನಾವೇ ಅಲ್ಲವಾ, ಬರೆಯುವುದು ಯಾಕೆ’ ಅನ್ನುತ್ತಾರೆ. ಎರಡು ವರ್ಷ ಕಳೆದು ಒಬ್ಬ ಮಾತ್ರ ಅಂಗಡಿಯಲ್ಲಿ, ಇಬ್ಬರು ವಾಟ್ಸ್ಆ್ಯಪ್ ಗ್ರೂಪಿನಲ್ಲಿ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ ನೋಂದಣಿಯಾಗದ ಸಂಸ್ಥೆಯ ಪಾಲುದಾರ ಒಪ್ಪಂದದ ಹಕ್ಕಿಗಾಗಿ ಇನ್ನೊಬ್ಬನ ಮೇಲೆ ದಾವೆ ಹೂಡುವಂತಿಲ್ಲ. ಪತ್ರ ಬರೆದು ನೋಂದಣಿ ಮಾಡಿದರೆ ದೋಸ್ತಿಯೂ ಉಳಿದೀತು. ಇನ್ನು ದುಡಿಯದೆ ಪಾಲು ಕೊಡುತ್ತೇವೆ ಎನ್ನುವ ಹೂಡಿಕೆಗಳ ವಿಷಯ ಬೇರೆಯೇ. 2020ರಲ್ಲಿ ಇದೇ ಜಿಲ್ಲೆಯಲ್ಲಿ ಚಿನ್ನದಂಗಡಿ ಹೂಡಿಕೆ ಮುಳುಗಿ ನೂರಕ್ಕಿಂತ ಹೆಚ್ಚು ಕೇಸು ದಾಖಲಾದದ್ದು ಸಾಕಷ್ಟು ಪಾಠ. ಅದರಲ್ಲಿ ಹೋದದ್ದು ಹೆಚ್ಚಾಗಿ ಪ್ರವಾಸಿಗಳ ದುಡ್ಡು.

ಈಗ ಕಾಗದದ ವಿಷಯಕ್ಕೆ ಬರುವ. 38ರಲ್ಲಿ ಓದುವುದು ಅಂದರೆ ನಗುವವರಿದ್ದಾರೆ. ನಗಲಿ. ಕೇರಳ ಸಾಕ್ಷರತಾ ಮಿಷನ್‌ನ ಹತ್ತನೇ ತರಗತಿ ತುಲ್ಯತೆಗೆ ಏಳನೇ ಪಾಸಾಗಿ 17 ವರ್ಷ ತುಂಬಿದರೆ ಸಾಕು, ಹೈಯರ್ ಸೆಕೆಂಡರಿ ತುಲ್ಯತೆಗೆ ಹತ್ತನೇ ಪಾಸಾಗಿ 22 ತುಂಬಿರಬೇಕು. ಮೇಲಿನ ವಯಸ್ಸಿಗೆ ಅಡ್ಡಿ ಇಲ್ಲ. ಕ್ಲಾಸು ರಜಾ ದಿನಗಳಲ್ಲಿ, ಕಾಸರಗೋಡು ಜಿಲ್ಲೆಯಲ್ಲಿ ಕನ್ನಡದಲ್ಲೂ ಕಲಿಯಬಹುದು. ಪ್ಲಸ್ ಟು ಆದರೆ ಇಗ್ನೋ ಬಿ.ಕಾಂ. ಮೂರರಿಂದ ಆರು ವರ್ಷದೊಳಗೆ ಅಂಗಡಿಯಲ್ಲಿ ಕೂತುಕೊಂಡೇ ಮುಗಿಸಬಹುದು. ಕೊಲ್ಲಂನ ಶ್ರೀ ನಾರಾಯಣ ಗುರು ಮುಕ್ತ ವಿಶ್ವವಿದ್ಯಾಲಯವೂ 2020ರಿಂದ ಉಂಟು. ಡಿಗ್ರಿ ಬೇಡ ಎನ್ನುವವನಿಗೆ ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಕೆಲಸ ಮೂರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಸ್ಟಾಕು ಗೊತ್ತಿರುವವನು ಟ್ಯಾಲಿ ಕಲಿತರೆ ಬರೀ ಟ್ಯಾಲಿ ಕಲಿತ ಹುಡುಗನಿಗಿಂತ ನಾಲ್ಕು ಹೆಜ್ಜೆ ಮುಂದೆ.

ಕೈಕೆಲಸ ಗೊತ್ತಿರುವವರ ಸ್ಥಿತಿ ಇದಕ್ಕಿಂತ ಎಷ್ಟೋ ಒಳ್ಳೆಯದು. ಕರಾವಳಿಯಲ್ಲಿ ಎಸಿ ಇಲ್ಲದ ಹೊಸ ಮನೆ ಇಲ್ಲ, ಮಾರ್ಚ್ ತಿಂಗಳಲ್ಲಿ ಎಸಿ ರಿಪೇರಿಯವನಿಗೆ ಫೋನ್ ಮಾಡಿದರೆ ‘ನಾಡಿದ್ದು ಬರ್ತೇನೆ’ ಎನ್ನುವ ಉತ್ತರ. ಗಲ್ಫ್‌ನಲ್ಲಿ ಹತ್ತು ವರ್ಷ ಎಸಿ ಬಿಚ್ಚಿ ಜೋಡಿಸಿದವನಿಗೆ ‘ಮೊದಲೇ ಕಲಿತ ಕೆಲಸದ ಮಾನ್ಯತೆ’ ಎಂಬ ಕೇಂದ್ರ ಸರಕಾರದ ದಾರಿಯಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟು ಪಡೆಯಲು ಸಾಧ್ಯ, ಹೊಸದಾಗಿ ಕೋರ್ಸಿಗೆ ಕೂರಬೇಕಾಗಿಲ್ಲ. ಹೊಸದಾಗಿ ಕಲಿಯುವವರಿಗೆ ವೆಳ್ಳಿಕ್ಕೋತ್‌ನ ಆರ್‌ಸೆಟಿ, ಕರ್ನಾಟಕದ ಕಡೆಯವರಿಗೆ 1982ರಿಂದ ನಡೆಯುತ್ತಿರುವ ಉಜಿರೆಯ ರುಡ್‌ಸೆಟ್. ಊಟ, ವಸತಿ, ತರಬೇತಿ ಎಲ್ಲ ಉಚಿತ. ಟೈಲರ್, ಬಡಗಿ, ಕ್ಷೌರಿಕ, ಗಾರೆ ಕೆಲಸದವರಿಗೆ 2023ರಿಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿ ದಿನಕ್ಕೆ 500 ರೂ. ಭತ್ಯೆ, ಉಪಕರಣಕ್ಕೆ 15,000.

ಸರಕಾರಿ ಕೆಲಸದ ಬಾಗಿಲು ಕಿರಿದು, ಆದರೆ ಪೂರ್ತಿ ಮುಚ್ಚಿಲ್ಲ. ಕೇರಳ ಪಿಎಸ್‌ಸಿಯಲ್ಲಿ ಸಾಮಾನ್ಯ ವಯೋಮಿತಿ 36, ಹಿಂದುಳಿದ ವರ್ಗಕ್ಕೆ 39. ನಮ್ಮ ಆ 38ರವನಿಗೆ ಉಳಿದಿರುವುದು ಒಂದೇ ವರ್ಷ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆ ಮೀಸಲಾದ ಹುದ್ದೆಗಳು ಕಾಸರಗೋಡಿನಲ್ಲಿ ಆಗಾಗ ಬರುತ್ತವೆ. ಬ್ಯಾರಿ ಹುಡುಗರಿಗೆ ಎರಡೂ ಭಾಷೆ ನಾಲಗೆಯಲ್ಲಿ ಉಂಟು, ಮಲಯಾಳದ ಅಕ್ಷರ ಮಾತ್ರ ಕೈಯಲ್ಲಿಲ್ಲ. ಆರು ತಿಂಗಳ ಅಕ್ಷರಾಭ್ಯಾಸ ಮಾಡದೆ ಬಿಟ್ಟುಕೊಟ್ಟ ಹುದ್ದೆಗಳು ಎಷ್ಟು ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಮನೆಯೊಳಗೆ ಇರುವ ಇನ್ನೊಂದು ಡಿಗ್ರಿಯನ್ನೂ ನೋಡಬೇಕು. ಗಂಡ ಎಸ್ಸೆಸ್ಸೆಲ್ಸಿ, ಹೆಂಡತಿ ಬಿ.ಕಾಂ. ಅಥವಾ ಬಿ.ಎ., ಬಿ.ಎಡ್. ಇರುವ ಮನೆಗಳು ಈಗ ಅಪರೂಪವಲ್ಲ. ಆತ ಅಲ್ಲಿ ದುಡಿಯುವಾಗ ಆ ಸರ್ಟಿಫಿಕೇಟ್ ಅಲ್ಮೆರಾದಲ್ಲಿ ಚಿನ್ನದ ಪೆಟ್ಟಿಗೆಯ ಅಡಿಯಲ್ಲಿತ್ತು. ಆತ ಬಂದು ಕೂತ ಮೇಲೂ ಅಲ್ಲಿಯೇ ಇದ್ದರೆ ಅದು ಲೆಕ್ಕ ತಪ್ಪಿದ ಮನೆ. ಜಿಎಸ್‌ಟಿ ಲೆಕ್ಕಕ್ಕೆ ಹೊರಗಿನವನಿಗೆ ತಿಂಗಳಿಗೆ ದುಡ್ಡು ಕೊಡುವ ಅಂಗಡಿಯವನ ಹೆಂಡತಿ ಬಿ.ಕಾಂ. ಆಗಿರುವುದನ್ನು ಏನೆಂದು ಹೇಳುವುದು?

ಗಡಿಯ ಈಚೆ ಆಚೆ ಎಂಬುದು ಇಲ್ಲಿ ಬಹಳ ದೊಡ್ಡ ವ್ಯತ್ಯಾಸ ಮಾಡುತ್ತದೆ. ಒಂದೇ ಉಮ್ಮನ ಮಕ್ಕಳಲ್ಲಿ ಒಬ್ಬ ಮಂಜೇಶ್ವರದಲ್ಲಿ, ಇನ್ನೊಬ್ಬ ಉಳ್ಳಾಲದಲ್ಲಿ. ಮಂಜೇಶ್ವರದವನಿಗೆ 1996ರಲ್ಲೇ ಹುಟ್ಟಿದ ನೋರ್ಕಾ ಇಲಾಖೆ, ಪ್ರವಾಸಿ ಕ್ಷೇಮನಿಧಿ, 60ರ ನಂತರ ಪಿಂಚಣಿ ಎಲ್ಲ ಉಂಟು. ಉಳ್ಳಾಲದವನಿಗೆ ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿ ಉಂಟಾದರೂ ಆ ಮಟ್ಟದ ಇಲಾಖೆ ಇಲ್ಲ. ಆದರೆ ಕೆಲಸ ಇರುವುದು ಹೆಚ್ಚಾಗಿ ಮಂಗಳೂರಿನಲ್ಲಿ, ಮಂಜೇಶ್ವರದವನೂ ದಿನಾ ಅಲ್ಲಿಗೇ ಹೋಗಬೇಕು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗೆ ಮಣ್ಣು ಹಾಕಿದಾಗ ಆ ದಿನಗೂಲಿ ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿತ್ತು ಎಂದು ಗೊತ್ತಾಯಿತು.

ಕ್ಷೇಮನಿಧಿಗೆ ಸೇರದವರು ಈಗಲೂ ಬಹಳ. 60ರೊಳಗೆ ಸೇರಬೇಕು, ಕನಿಷ್ಠ 5 ವರ್ಷ ಕಂತು ಕಟ್ಟಬೇಕು. 2022ರಲ್ಲಿ ಏರಿಸಿದ ಪ್ರಕಾರ ಮರಳಿ ಬಂದವರಿಗೆ ತಿಂಗಳ ಕಂತು 200 ರೂ., ಕನಿಷ್ಠ ಪಿಂಚಣಿ 3,000. ದಿನಕ್ಕೆ ಎರಡು ಚಾ ಕಡಿಮೆ ಮಾಡಿದರೆ ಆಗುವ ಮೊತ್ತ.

ಇದೆಲ್ಲ ಗೊತ್ತಾಗಬೇಕಾದರೆ ವಿದ್ಯಾನಗರದ ಸಿವಿಲ್ ಸ್ಟೇಶನ್‌ಗೆ ಹೋಗಿ ನೋರ್ಕಾ ಕಚೇರಿಯಲ್ಲಿ ಕೇಳಬೇಕು. ಅಲ್ಲಿ ಪ್ರಕಟಣೆ, ಶಿಬಿರ, ಅರ್ಜಿಯ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದವನು ಅರ್ಧ ಅರ್ಥ ಮಾಡಿಕೊಂಡು ಹಿಂದೆ ಬರುತ್ತಾನೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಉಂಟು. ಮಂಜೇಶ್ವರ ಬ್ಲಾಕಿನಲ್ಲಿ ನೋರ್ಕಾ ಶಿಬಿರ ಕನ್ನಡದಲ್ಲಿ ನಡೆಸಿ ಎಂದು ಪಂಚಾಯತ್‌ಗಳು ಒಂದು ಠರಾವು ಮಾಡಿ ಕಳಿಸಬಹುದು, ಜಮಾಅತ್ ಕಮಿಟಿಗಳು ಒಂದು ಆದಿತ್ಯವಾರ ಮದ್ರಸ ಹಾಲ್ ಬಿಟ್ಟುಕೊಟ್ಟರೆ ಜಾಗದ ಖರ್ಚೂ ಇಲ್ಲ. ಅಲ್ಲಿಯವರೆಗೆ, ಇನ್ನೂ ಅಲ್ಲಿಯೇ ಇರುವ ತಮ್ಮನಿಗೋ ಭಾವನಿಗೋ ಫೋನ್ ಮಾಡುವವರು ಒಂದು ಮಾತು ಹೇಳಿ ಇಡಲಿ: ಎಕ್ಸಿಟ್ ಹೊಡೆಯುವ ಮೊದಲು, ಲೆಟರ್‌ಹೆಡ್‌ನಲ್ಲಿ, ಮಾಡಿದ ಕೆಲಸದ ನಿಜವಾದ ಹೆಸರು ಬರೆಸಿ, ಸೀಲ್ ಹಾಕಿಸಿಕೊಂಡು ಬಾ.